ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಹೊಸ ವಿದ್ಯುತ್ತು: ನಾನು ಹಾಕಿದ ಲೆಕ್ಕ

ಬ್ಯಾಡಗಿಯ ಸುತ್ತಮುತ್ತ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್ ನಡೆಸುವ ನಮ್ಮಂಥವರಿಗೆ ವರ್ಷದ ಕೊನೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಬಹುಪಾಲು ವಿದ್ಯುತ್ ಬಿಲ್ಲಿನ ಮೇಲೆ ನಿಂತಿರುತ್ತದೆ. ಚೀಲಕ್ಕೆ ಇಂತಿಷ್ಟು ಎಂದು ಸೀಸನ್ನಿನ ಬಾಡಿಗೆ ಮೊದಲೇ ನಿಗದಿಯಾಗಿರುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಮಾಲು ಒಳಗೆ ಬರುತ್ತದೆ; ಬ್ಯಾಡಗಿ ಕಾಯಿಯ ಬೆಲೆ ಇರುವುದೇ ಬಣ್ಣದಲ್ಲಿ ಆದ್ದರಿಂದ, ಅದು ಮಾಸದಂತೆ ತಿಂಗಳುಗಟ್ಟಲೆ ತಂಪಿನಲ್ಲಿ ಕಾಯಬೇಕಾಗುತ್ತದೆ. ಇಂಥ ವ್ಯವಹಾರಕ್ಕೆ ಸೌರ ಫಲಕ, ಲಿಥಿಯಂ ಬ್ಯಾಟರಿ, ಮಂಜುಗಡ್ಡೆಯ ಶೇಖರಣೆ, ಸೋಡಿಯಂ ಬ್ಯಾಟರಿ, ಕೊನೆಗೆ ಹೈಡ್ರೋಜನ್ ಕೂಡ ಮಾರಲು ಬಂದವರ ಮಾತುಗಳನ್ನು ನಾನು ಕೇಳಿದ್ದೇನೆ. ಈ ತಂತ್ರಜ್ಞಾನಗಳಲ್ಲಿ ಹಲವು ಗೆಲ್ಲುತ್ತವೆ ಎಂಬ ನಂಬಿಕೆ ನನಗಿದೆ. ಅವು ಗೆದ್ದಾಗ ಹಣ ಯಾರ ಕೈಗೆ ಸೇರುತ್ತದೆ ಎಂಬ ವಿಷಯದಲ್ಲಿ ಮಾತ್ರ ನಾನು ಸಂಶಯವನ್ನು ಬಿಟ್ಟಿಲ್ಲ.

ನಂಬಿಕೆಗೆ ಕಾರಣ ಸೌರ ವಿದ್ಯುತ್ತಿನ ಬೆಲೆ ನಡೆದುಬಂದ ದಾರಿ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ನಿನ ಮೊದಲ ಹರಾಜಿನಲ್ಲಿ ಯೂನಿಟ್ಟಿಗೆ ಸುಮಾರು 11–12 ರೂಪಾಯಿಯ ದರ ಬಂದಿತ್ತು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2.44 ರೂಪಾಯಿಗೆ, 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99 ರೂಪಾಯಿಗೆ ಇಳಿಯಿತು. ಆದರೆ ಅದೇ ಅವಧಿಯಲ್ಲಿ ಅಮೆರಿಕದ ಸೌರ ಫಲಕ ಕಂಪನಿ ಸೋಲಿಂಡ್ರಾ 2011ರಲ್ಲಿ ದಿವಾಳಿಯಾಯಿತು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಫಲಕ ತಯಾರಕನಾಗಿದ್ದ ಚೀನಾದ ಸನ್‌ಟೆಕ್‌ನ ಮುಖ್ಯ ಘಟಕವೂ 2013ರಲ್ಲಿ ಅದೇ ಸ್ಥಿತಿಗೆ ಬಂತು. ಬ್ಯಾಟರಿಯಲ್ಲಿ ಯುರೋಪಿನ ದೊಡ್ಡ ಆಶೆಯಾಗಿದ್ದ ನಾರ್ತ್‌ವೋಲ್ಟ್ 2025ರಲ್ಲಿ ಸ್ವೀಡನ್ನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಬೆಲೆ ಬೀಳುವ ಸರಕಿನಲ್ಲಿ ತಯಾರಕನ ಲಾಭವೂ ಬೀಳುತ್ತದೆ, ಉಳಿತಾಯವೆಲ್ಲ ಬಳಕೆದಾರನ ಕಡೆಗೆ ಹರಿಯುತ್ತದೆ. ಬಳಕೆದಾರನಾದ ನನಗೆ ಇದು ಶುಭಸುದ್ದಿಯೇ ಆದರೂ, ಇಪ್ಪತ್ತೈದು ವರ್ಷದ ವಾರಂಟಿ ಬರೆದುಕೊಡುವ ಕಂಪನಿ ಹತ್ತನೆಯ ವರ್ಷಕ್ಕೆ ಉಳಿದಿರುತ್ತದೆಯೇ ಎಂಬ ಪ್ರಶ್ನೆಯೂ ಅದರ ಜೊತೆಯಲ್ಲೇ ಬರುತ್ತದೆ. ಹಾಗಾಗಿ ನನ್ನ ಲೆಕ್ಕದ ಹಾಳೆಯಲ್ಲಿ ದೀರ್ಘ ವಾರಂಟಿಗೆ ಯಾವ ಬೆಲೆಯನ್ನೂ ಕಟ್ಟಲಿಲ್ಲ. ಬೇರೆ ತಯಾರಕನ ಬಿಡಿಭಾಗ ಕೂಡಿಸಲು ಬರುವಂಥ ಸಾಮಾನ್ಯ ಅಳತೆಯ ಉಪಕರಣಗಳನ್ನೇ ಕೇಳಿದೆ.

ಮಾರಾಟಗಾರರು ನೀಡುವ ಲೆಕ್ಕ ಸಾಮಾನ್ಯವಾಗಿ ವರ್ಷದ ಒಟ್ಟು ಯೂನಿಟ್ಟಿನ ಮೇಲೆ ನಡೆಯುತ್ತದೆ. ನಾನು ಬೇಡಿಕೆಯನ್ನು ಗಂಟೆವಾರು ಬಿಡಿಸಿಕೊಂಡೆ. ಅಮೋನಿಯಾ ಕಂಪ್ರೆಸರ್ ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ಎಷ್ಟು ಎಳೆಯುತ್ತದೆ ಎಂಬುದನ್ನು ಒಂದು ಪೂರ್ತಿ ಸೀಸನ್ ಬರೆದಿಡಿಸಿದಾಗ ನಮಗೆ ಅನುಕೂಲವಾದ ಸಂಗತಿಯೊಂದು ಸ್ಪಷ್ಟವಾಯಿತು: ಹೊರಗಿನಿಂದ ಬಿಸಿಯಾಗಿ ಬಂದ ಮಾಲನ್ನು ತಣಿಸುವ ಕೆಲಸ ಹೆಚ್ಚಾಗಿರುವುದು ಮಾರ್ಚ್‌ನಿಂದ ಮೇವರೆಗೆ, ನಮ್ಮಲ್ಲಿ ಬಿಸಿಲು ಚೆನ್ನಾಗಿ ಬೀಳುವುದೂ ಆಗಲೇ. ಮಳೆಗಾಲದಲ್ಲಿ ಮೋಡ ಕವಿದು ಉತ್ಪಾದನೆ ತಗ್ಗುವಾಗ ಕಂಪ್ರೆಸರಿನ ಕೆಲಸವೂ ತಗ್ಗಿರುತ್ತದೆ. ನಮ್ಮ ಭಾಗದಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ ಎಂಬ ರೂಢಿಯ ಲೆಕ್ಕ ಒಟ್ಟಿನಲ್ಲಿ ಸರಿಯೇ. ಕಡು ಬಿಸಿಲಿನಲ್ಲಿ ಫಲಕವೇ ಕಾದು ಉತ್ಪಾದನೆ ಕುಗ್ಗುವುದನ್ನೂ, ಮೆಣಸಿನಕಾಯಿ ತುಂಬಿ ಇಳಿಸುವ ಜಾಗದ ಧೂಳನ್ನೂ ಸೇರಿಸಿ ಸ್ವಲ್ಪ ಕಡಿಮೆಯನ್ನೇ ಹಿಡಿದೆ. ಮಾಳಿಗೆಯ ಮೇಲೆ ಫಲಕದ ನೆರಳು ಬಿದ್ದು ಒಳಗಿಳಿಯುವ ಕಾವು ತಗ್ಗುವುದು ಯಾರ ದರಪಟ್ಟಿಯಲ್ಲೂ ಇಲ್ಲದ ಲಾಭ.

ಅಳತೆಯ ನಿರ್ಧಾರಕ್ಕೆ ಹೆಚ್ಚು ಯೋಚನೆ ಬೇಕಾಯಿತು. ಛಾವಣಿ ತುಂಬ ಫಲಕ ಹಾಕಿ ಮಿಕ್ಕಿದ್ದನ್ನು ಗ್ರಿಡ್ಡಿಗೆ ಮಾರಬಹುದು ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಛಾವಣಿಯ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9.56 ರೂಪಾಯಿ ನಿಗದಿ ಮಾಡಿತ್ತು. ಫಲಕ ಅಗ್ಗವಾದಂತೆ ನಂತರದ ಆದೇಶಗಳಲ್ಲಿ ಆ ದರವೂ ಇಳಿಯಿತು. ಇಳಿದದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಆದೇಶವೊಂದನ್ನು ನೆಚ್ಚಿದ ಲಾಭ ಮುಂದಿನ ಆದೇಶದವರೆಗೆ ಮಾತ್ರ. ಆದ್ದರಿಂದ ಮಾರಾಟದ ಆದಾಯವನ್ನು ಸೊನ್ನೆ ಎಂದೇ ಇಟ್ಟುಕೊಂಡು, ಮಾಲು ಕಡಿಮೆ ಇರುವ ತಿಂಗಳುಗಳ ಹಗಲಿನಲ್ಲೂ ನಾವೇ ಬಳಸಿ ಮುಗಿಸಬಹುದಾದಷ್ಟು ಫಲಕಗಳನ್ನು ಮಾತ್ರ ಹಾಕಿಸಿದೆ.

ಸೌರ ಫಲಕ ಯೂನಿಟ್ಟುಗಳನ್ನು ಉಳಿಸುತ್ತದೆ, ಡಿಮ್ಯಾಂಡ್ ಚಾರ್ಜನ್ನು, ಅಂದರೆ ತಿಂಗಳಲ್ಲಿ ಒಮ್ಮೆಗೇ ಎಳೆದ ಗರಿಷ್ಠ ಪ್ರಮಾಣದ (ಕೆವಿಎ ಲೆಕ್ಕದಲ್ಲಿ) ಮೇಲೆ ಬೀಳುವ ಶುಲ್ಕವನ್ನು, ಉಳಿಸುವುದಿಲ್ಲ. ತಿಂಗಳಲ್ಲಿ ಯಾವುದೋ ಒಂದು ಸಂಜೆ ಎರಡು ಕಂಪ್ರೆಸರ್ ಒಟ್ಟಿಗೆ ಓಡಿದರೆ, ಅಥವಾ ಮಧ್ಯಾಹ್ನ ಒಂದು ಮೋಡ ಸರಿದು ಹೋಗುವಷ್ಟು ಹೊತ್ತು ಗ್ರಿಡ್ಡಿನಿಂದ ಪೂರ್ತಿ ಎಳೆದರೆ, ಆ ಕೆಲವೇ ನಿಮಿಷಗಳ ಕೆವಿಎ ಇಡೀ ತಿಂಗಳ ಬಿಲ್ಲಿನ ಮೇಲೆ ಕೂರುತ್ತದೆ. ಇದಕ್ಕೂ ಹಿಂದೆ ಇನ್ನೊಂದು ದೊಡ್ಡ ಸಂಗತಿಯಿದೆ. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅದರ ಹೊರೆಯನ್ನು ಸರ್ಕಾರದ ಸಹಾಯಧನದ ಜೊತೆಗೆ ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರ ದರವೂ ಸ್ವಲ್ಪಮಟ್ಟಿಗೆ ಹೊತ್ತಿದೆ. ನನಗೆ ಸೌರ ಫಲಕ ಲಾಭದಾಯಕವಾಗಿ ಕಾಣುವುದಕ್ಕೆ ಒಂದು ಕಾರಣ ನನ್ನ ದರ ಹೀಗೆ ಎತ್ತರದಲ್ಲಿರುವುದು. ನಮ್ಮಂಥವರೆಲ್ಲ ಹಗಲಿನ ಯೂನಿಟ್ಟು ಕೊಳ್ಳುವುದನ್ನು ನಿಲ್ಲಿಸಿದರೆ ತಂತಿ, ಕಂಬ, ಟ್ರಾನ್ಸ್‌ಫಾರ್ಮರಿನ ಖರ್ಚನ್ನು ಸ್ಥಿರ ಶುಲ್ಕವನ್ನು ಏರಿಸಿಯೇ ವಸೂಲು ಮಾಡಬೇಕಾಗುತ್ತದೆ. ಆದ್ದರಿಂದ ಯೂನಿಟ್ ದರ ಇಂದಿನ ಅರ್ಧಕ್ಕೆ ಇಳಿದು ಸ್ಥಿರ ಶುಲ್ಕ ಏರಿದರೂ ಸಾಲದ ಕಂತು ಹುಟ್ಟುತ್ತದೆಯೇ ಎಂದು ಪರೀಕ್ಷಿಸಿದೆ. ಹುಟ್ಟುತ್ತದೆ ಎಂದು ಖಾತ್ರಿಯಾದ ಮೇಲೆಯೇ ಬ್ಯಾಂಕಿಗೆ ಹೋದದ್ದು.

ಬ್ಯಾಟರಿಯ ವಿಷಯದಲ್ಲಿ ಲೆಕ್ಕ ಬೇರೆ ಉತ್ತರ ಕೊಟ್ಟಿತು. ಡೀಸೆಲ್ ಜನರೇಟರ್ ಲೀಟರಿಗೆ ಮೂರರಿಂದ ಮೂರೂವರೆ ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಇಂಧನದ ಖರ್ಚೇ ಯೂನಿಟ್ಟಿಗೆ 26ರಿಂದ 30 ರೂಪಾಯಿ. ಇದರ ಎದುರು ಬ್ಯಾಟರಿ ಖಂಡಿತ ಗೆಲ್ಲಬೇಕು ಎನಿಸುತ್ತದೆ. ಇನ್ವರ್ಟರ್ ಸೇರಿ ಒಂದು ಯೂನಿಟ್ ಸಾಮರ್ಥ್ಯಕ್ಕೆ 15,000 ರೂಪಾಯಿ, ಆಯುಷ್ಯ ಹನ್ನೆರಡು ವರ್ಷ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಪ್ರತಿದಿನ ತುಂಬಿ ಖಾಲಿ ಮಾಡಿದರೆ ಬಂಡವಾಳದ ಪಾಲು ಯೂನಿಟ್ಟಿಗೆ ಮೂರೂವರೆ ರೂಪಾಯಿಗೂ ಒಳಗೆ. ವರ್ಷಕ್ಕೆ ನೂರು ಸಲವಾದರೆ ಹನ್ನೆರಡೂವರೆ. ವರ್ಷಕ್ಕೆ ಮೂವತ್ತು ಸಲವಾದರೆ ನಲವತ್ತು ದಾಟುತ್ತದೆ. ಇದಕ್ಕೆ ಬಡ್ಡಿಯನ್ನೂ ತುಂಬುವ ವಿದ್ಯುತ್ತಿನ ಬೆಲೆಯನ್ನೂ ಇನ್ನೂ ಕೂಡಿಸಿಲ್ಲ. ಕರೆಂಟ್ ಹೋದಾಗ ಮಾತ್ರ ಬಳಸುವ ಬ್ಯಾಟರಿ ಮದುವೆಗೆಂದು ಕಟ್ಟಿಸಿ ಉಳಿದ ದಿನ ಬೀಗ ಹಾಕಿದ ಕಲ್ಯಾಣಮಂಟಪದಂತೆ. ವಿದ್ಯುತ್ ಪೂರೈಕೆ ಸುಧಾರಿಸಿದಷ್ಟೂ ಅದರ ಯೂನಿಟ್ಟು ದುಬಾರಿಯಾಗುತ್ತದೆ ಎಂಬ ವಿಚಿತ್ರವನ್ನು ಬ್ಯಾಟರಿ ಮಾರುವವರು ನನಗೆ ಹೇಳಿರಲಿಲ್ಲ.

ಅಲ್ಲದೆ ಕೋಲ್ಡ್ ಸ್ಟೋರೇಜ್ ತಾನೇ ಒಂದು ಶೇಖರಣೆ. ಸಾವಿರ ಟನ್ ಒಣಮೆಣಸಿನಕಾಯಿಯನ್ನು ಒಂದು ಡಿಗ್ರಿ ಹೆಚ್ಚು ತಣಿಸುವುದೆಂದರೆ, ಕಾಗದದ ಮೇಲೆ, ಸುಮಾರು ಐನೂರು ಯೂನಿಟ್ ಶಾಖವನ್ನು ಹೊರಹಾಕಿದಂತೆ. ಕಂಪ್ರೆಸರಿಗೆ ಅದು ನೂರೈವತ್ತು ಚಿಲ್ಲರೆ ಯೂನಿಟ್ ವಿದ್ಯುತ್ತಿನ ಕೆಲಸ. ಹಗಲಿನ ಸೌರ ವಿದ್ಯುತ್ತಿನಲ್ಲಿ ಗೊತ್ತಾದ ಮಿತಿಯೊಳಗೆ ಸ್ವಲ್ಪ ಹೆಚ್ಚು ತಣಿಸಿ, ಸಂಜೆ ಕಂಪ್ರೆಸರನ್ನು ವಿಶ್ರಾಂತಿಗೆ ಬಿಡುವುದು ಹೀಗೆ ಸಾಧ್ಯವಾಯಿತು. ಚೀಲದ ನಡುವಿನ ಕಾಯಿಗೆ ತಂಪು ನಿಧಾನವಾಗಿ ಇಳಿಯುವುದರಿಂದ ಕಾಗದದ ಲೆಕ್ಕದ ಒಂದು ಭಾಗ ಮಾತ್ರ ಕೈಗೆ ಸಿಗುತ್ತದೆ. ಅಟ್ಟಿಗಳ ನಡುವೆ ಗಾಳಿ ಆಡಲು ಹೆಚ್ಚು ಜಾಗ ಬಿಡಿಸಿದಾಗ ಅದು ಕೊಂಚ ಸುಧಾರಿಸಿತು. ಬಾಗಿಲಿನ ಸೀಲು, ಗೋಡೆಗೆ ಕಾವು ತಡೆಯಲು ಹಾಕುವ ಪಫ್ ಪ್ಯಾನೆಲ್ಲಿನ ಕೀಲುಗಳು, ಕಂಪ್ರೆಸರಿಗೆ ವೇಗ ನಿಯಂತ್ರಿಸುವ ಡ್ರೈವ್, ಇವುಗಳಿಗೆ ಹಾಕಿದ ಹಣ ಎಲ್ಲಕ್ಕಿಂತ ಬೇಗ ಮರಳಿ ಬಂತು. ಹೊಸ ತಂತ್ರಜ್ಞಾನದ ನಿಜವಾದ ಪ್ರತಿಸ್ಪರ್ಧಿ ಇಂಥ ನೀರಸ ವಸ್ತುಗಳೇ ಎಂಬುದು ನನ್ನ ಅಭಿಪ್ರಾಯ.

ಹೈಡ್ರೋಜನ್ನಿನ ವಿಚಾರ ನಮ್ಮ ಮಟ್ಟಿಗೆ ಬೇಗ ಮುಗಿಯಿತು. ಒಂದು ಕಿಲೋ ಹೈಡ್ರೋಜನ್ ತಯಾರಿಸಲು ಐವತ್ತಕ್ಕೂ ಹೆಚ್ಚು ಯೂನಿಟ್ ಬೇಕು. ಅದನ್ನು ಮತ್ತೆ ವಿದ್ಯುತ್ತಾಗಿಸಿದರೆ ಮೂರನೆಯ ಒಂದು ಭಾಗ ಕೈಗೆ ಬಂದರೆ ಹೆಚ್ಚು. ಲಿಥಿಯಂ ಬ್ಯಾಟರಿ ನೂರಕ್ಕೆ ಎಂಬತ್ತೈದರ ಆಸುಪಾಸು ಹಿಂತಿರುಗಿಸುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟದ್ದು ವ್ಯರ್ಥ ಎಂದು ನಾನು ಹೇಳುವುದಿಲ್ಲ. ಗೊಬ್ಬರ, ತೈಲ ಶುದ್ಧೀಕರಣ, ಉಕ್ಕಿನ ಕಾರ್ಖಾನೆಗಳಿಗೆ ಹೈಡ್ರೋಜನ್ ಅನಿಲವೇ ಬೇಕು. ಮೆಣಸಿನಕಾಯಿ ತಣಿಸುವವನಿಗೆ ಬೇಡ.

ಬ್ಯಾಟರಿಯ ಬಾಗಿಲನ್ನು ಮಾತ್ರ ನಾನು ಮುಚ್ಚಿಲ್ಲ. ಗ್ರಿಡ್ಡಿಗಾಗಿ ಕರೆಯುವ ಬ್ಯಾಟರಿ ಹರಾಜಿನಲ್ಲಿ 2022ರಲ್ಲಿ ಮೆಗಾವಾಟಿಗೆ ತಿಂಗಳಿಗೆ 10.84 ಲಕ್ಷ ರೂಪಾಯಿ ಇದ್ದ ಬಾಡಿಗೆಯ ದರ, 2024ರ ಕೊನೆಯ ಹೊತ್ತಿಗೆ, ಕೆಲವು ಕಡೆ ಸರ್ಕಾರದ ನೆರವೂ ಸೇರಿ, ಎರಡೂಕಾಲು ಲಕ್ಷದ ಸಮೀಪಕ್ಕೆ ಬಂದಿತ್ತು. ಇಷ್ಟು ವೇಗವಾಗಿ ಇಳಿಯುವ ಸರಕನ್ನು ಅವಸರದಿಂದ ಕೊಳ್ಳುವವನು ಇಳಿಕೆಯ ನಷ್ಟವನ್ನು ತಾನೇ ಹೊರುತ್ತಾನೆ. ಕಾಯುವವನು ಕಳೆದುಕೊಳ್ಳುವುದು ಆ ಒಂದೆರಡು ವರ್ಷದ ಉಳಿತಾಯ ಮಾತ್ರ. ನನ್ನ ಹಾಳೆಯಲ್ಲಿ ಈಗ ಮೂರು ಷರತ್ತುಗಳಿವೆ: ಸಂಜೆಯ ಡಿಮ್ಯಾಂಡ್ ತಗ್ಗಿಸುವ ಕೆಲಸಕ್ಕೆ ಬ್ಯಾಟರಿ ವರ್ಷಕ್ಕೆ ಕನಿಷ್ಠ ಇನ್ನೂರು ದಿನ ದುಡಿಯಬೇಕು, ನಮ್ಮ ಬೇಸಿಗೆಯ ಕಾವಿನಲ್ಲೂ ಸಾಮರ್ಥ್ಯ ಎಷ್ಟು ಉಳಿಯುತ್ತದೆ ಎಂಬ ಭರವಸೆ ಬರವಣಿಗೆಯಲ್ಲಿ ಸಿಗಬೇಕು, ಹಣದ ಒಂದು ಭಾಗವನ್ನು ಎರಡು ಬೇಸಿಗೆ ಕಳೆದ ಮೇಲೆ ಕೊಡಲು ಮಾರಾಟಗಾರ ಒಪ್ಪಬೇಕು. ಮೊದಲ ಎರಡಕ್ಕೆ ಒಪ್ಪುವವರು ಈಗ ಸಿಗುತ್ತಿದ್ದಾರೆ. ಮೂರನೆಯದಕ್ಕೆ ಇನ್ನೂ ಚೌಕಾಸಿ ನಡೆದಿದೆ.