ಮುಕ್ತ ಪಠ್ಯಗಳ ಆನ್‌ಲೈನ್ ಕೈಪಿಡಿಯನ್ನು ನಾನು ಒರೆಗೆ ಹಚ್ಚುವ ಬಗೆ

ಪದವಿ ವಿದ್ಯಾರ್ಥಿಗಳಿಗಾಗಿ ಕಾಲೇಜು ಗ್ರಂಥಾಲಯಗಳು ಸಿದ್ಧಪಡಿಸುವ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕೈಪಿಡಿ ಪುಟಗಳನ್ನು ಪರಿಶೀಲಿಸುವಾಗ ಮುನ್ನುಡಿಯನ್ನು ನಾನು ಕೊನೆಗೆ ಓದುತ್ತೇನೆ. ಮೊದಲು ಬೇಕಾದದ್ದು ಒಂದು ಮೊಬೈಲ್, ಒಂದು ಪತ್ರಿಕೆಯ ಸಿಲೆಬಸ್, ಒಂದು ಎಕ್ಸೆಲ್ ಹಾಳೆ. ಕಾಲೇಜಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪುಟ ತೆರೆಯಬೇಕು. ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ಕೂತರೆ ಕಾಲೇಜು ಚಂದಾ ಕಟ್ಟಿದ ಜರ್ನಲ್‌ಗಳೂ ಏನೂ ಕೇಳದೆ ತೆರೆದುಕೊಳ್ಳುತ್ತವೆ. ಕೈಪಿಡಿ ಮಾಡಿದವರು ಅದನ್ನೇ ಮುಕ್ತ ಎಂದುಕೊಂಡು ಪಟ್ಟಿಗೆ ಸೇರಿಸಿರುತ್ತಾರೆ. ಊರಿಗೆ ಹೋದ ವಿದ್ಯಾರ್ಥಿಗೆ ಅದೇ ಲಿಂಕ್ ಹಣ ಕೇಳುತ್ತದೆ.

20 ಲಿಂಕ್ ಆರಿಸಿಕೊಳ್ಳುತ್ತೇನೆ: ಮೊದಲ 5, ಕೊನೆಯ 5, ನಡುವಿನಿಂದ 10. ಮೊದಲನೆಯವು ಸಾಮಾನ್ಯವಾಗಿ ಸರಿಯಾಗಿರುತ್ತವೆ, ಎಲ್ಲರ ಕಣ್ಣೂ ಅಲ್ಲಿಯೇ ಬೀಳುವುದರಿಂದ. ಕೊಳೆಯುವುದು ಕೆಳಗಿನವು. ಲಿಂಕ್ ಪರೀಕ್ಷಿಸುವ ತಂತ್ರಾಂಶವನ್ನು ನಂಬಿ ಕೂರಬಾರದು. ಪುಟ ಇಲ್ಲ ಎಂದು ಸರ್ವರ್ ಹೇಳಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಪುಸ್ತಕದ ಲಿಂಕ್ ಒತ್ತಿದರೆ ಸಂಸ್ಥೆಯ ಮುಖಪುಟಕ್ಕೆ ಹೋಗುವುದು, ಗೂಗಲ್ ಡ್ರೈವ್ ಫೈಲ್ ಅನುಮತಿ ಕೇಳುವುದು, ಹಳೆಯ ಫ್ಲ್ಯಾಶ್ ಅನಿಮೇಷನ್ ಖಾಲಿ ಚೌಕವಾಗಿ ನಿಲ್ಲುವುದು, ಇವೆಲ್ಲ ಅದರ ಲೆಕ್ಕದಲ್ಲಿ ಪಾಸು. ಫ್ಲ್ಯಾಶ್‌ಗೆ ಬೆಂಬಲ ನಿಂತದ್ದು 2020ರ ಡಿಸೆಂಬರ್‌ಗೆ. ಅದಕ್ಕಿಂತ ಮೊದಲು ಮಾಡಿದ ವಿಜ್ಞಾನದ ಪಟ್ಟಿಗಳಲ್ಲಿ ಇಂಥ ಖಾಲಿ ಚೌಕ ಈಗಲೂ ಸಿಗುತ್ತದೆ. ಹಾಗಾಗಿ ಹಾಳೆಯಲ್ಲಿ "ತೆರೆಯಿತು" ಎಂದಷ್ಟೇ ಬರೆಯದೆ, ಹೇಳಿದ ವಸ್ತು ಸಿಗಲು ಎಷ್ಟು ಬಾರಿ ಒತ್ತಬೇಕಾಯಿತು, ಲಾಗಿನ್ ಕೇಳಿತೇ, ಡೌನ್‌ಲೋಡ್ ಆಯಿತೇ ಎಂದು ಬೇರೆ ಬೇರೆ ಅಂಕಣದಲ್ಲಿ ಬರೆಯುತ್ತೇನೆ.

ಹೆಚ್ಚು ಹೊತ್ತು ಹಿಡಿಯುವುದು, ಹಿಡಿಯಬೇಕಾದದ್ದೂ ಲೈಸೆನ್ಸ್ ಪರಿಶೀಲನೆ. ಯುನೆಸ್ಕೊ 2019ರಲ್ಲಿ ಅಂಗೀಕರಿಸಿದ ಶಿಫಾರಸಿನ ಪ್ರಕಾರ, ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತ ಲೈಸೆನ್ಸ್ ಇರುವ, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಸಾಮಗ್ರಿಯೇ ಮುಕ್ತ ಸಂಪನ್ಮೂಲ. ಬಹುತೇಕ ಕೈಪಿಡಿಗಳು ಎಡವುವುದು ಇಲ್ಲೇ. ಎನ್‌ಸಿಇಆರ್‌ಟಿ ಪಠ್ಯಪುಸ್ತಕದ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಆದರೆ ಅದರ ಹಕ್ಕುಗಳು ಕಾಯ್ದಿರಿಸಿದವು. ಓದಬಹುದು, ತಿದ್ದಿ ಹಂಚುವಂತಿಲ್ಲ. ಅದನ್ನು ಪಟ್ಟಿಯಲ್ಲಿ ಇಡಲಿ, "ಉಚಿತ" ಎಂಬ ತಲೆಬರಹದ ಕೆಳಗೆ ಇಡಲಿ.

ಲೈಸೆನ್ಸನ್ನು ಜಾಲತಾಣಕ್ಕೆ ಒಂದು ಎಂದು ನೋಡದೆ ಪುಸ್ತಕಕ್ಕೆ ಒಂದು ಎಂದು ನೋಡಬೇಕು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಮುಕ್ತ ಪಠ್ಯಪುಸ್ತಕ ಸಂಸ್ಥೆ ಓಪನ್‌ಸ್ಟ್ಯಾಕ್ಸ್‌ನ ಯೂನಿವರ್ಸಿಟಿ ಫಿಸಿಕ್ಸ್ ಪುಸ್ತಕ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಸಿದ್ಧ ಲೈಸೆನ್ಸ್‌ಗಳಲ್ಲಿ ಸಿಸಿ ಬಿವೈ ಅಡಿ ಬಂದದ್ದು: ಮೂಲ ಹೆಸರಿಸಿದರೆ ಸಾಕು. ಅದೇ ಸಂಸ್ಥೆಯ ಕ್ಯಾಲ್ಕುಲಸ್ ಸಿಸಿ ಬಿವೈ-ಎನ್‌ಸಿ-ಎಸ್‌ಎ: ವ್ಯಾಪಾರಕ್ಕೆ ಬಳಸುವಂತಿಲ್ಲ (ಎನ್‌ಸಿ), ತಿದ್ದಿದ್ದನ್ನೂ ಅದೇ ಲೈಸೆನ್ಸ್‌ನಲ್ಲೇ ಬಿಡಬೇಕು (ಎಸ್‌ಎ). ಈ ವಿವರ ಪ್ರತಿ ಪಾಠದ ಪುಟದ ಅಡಿಯಲ್ಲಿರುವ ಉಲ್ಲೇಖದ ಭಾಗದಲ್ಲಿದೆ. "ಓಪನ್‌ಸ್ಟ್ಯಾಕ್ಸ್ ಪೂರ್ತಿ ಸಿಸಿ ಬಿವೈ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ ಕೈಪಿಡಿಗೆ ನಾನು ಅಲ್ಲೇ ಅಂಕ ಕಳೆಯುತ್ತೇನೆ. ಯೂಟ್ಯೂಬ್ ವಿಡಿಯೊ ಆದರೆ ವಿವರಣೆಯನ್ನು ಪೂರ್ತಿ ಬಿಡಿಸಿ ನೋಡಬೇಕು. ಕ್ರಿಯೇಟಿವ್ ಕಾಮನ್ಸ್ ಎಂಬ ಸಾಲು ಅಲ್ಲಿ ಇಲ್ಲದಿದ್ದರೆ ಅದು ಯೂಟ್ಯೂಬ್‌ನ ಮಾಮೂಲಿ ಲೈಸೆನ್ಸ್.

ನಮ್ಮ ವಿದ್ಯಾರ್ಥಿಗಳ ಮಟ್ಟಿಗೆ ದೊಡ್ಡ ಪ್ರಶ್ನೆ ಒಂದೇ: ಇದನ್ನು ಕನ್ನಡಕ್ಕೆ ತಂದು ತರಗತಿಗೆಲ್ಲ ಹಂಚಬಹುದೇ? ಲೈಸೆನ್ಸ್‌ನಲ್ಲಿ ಎನ್‌ಡಿ (ಬದಲಿಸಿ ಹಂಚಬೇಡಿ) ಎಂಬ ಎರಡಕ್ಷರ ಇದ್ದರೆ ಅನುವಾದ ಹಂಚುವಂತಿಲ್ಲ, ಅನುವಾದವೂ ಬದಲಾವಣೆಯೇ. ಇನ್ನೊಂದು ತೊಡಕು ಬೆರಕೆಯದು. ವಿಕಿಪೀಡಿಯದ ಪಠ್ಯ ಬಿವೈ-ಎಸ್‌ಎ, ಅಮೆರಿಕದ ಎಂಐಟಿಯ ಪಾಠ ಸಾಮಗ್ರಿ ತಾಣ ಓಪನ್‌ಕೋರ್ಸ್‌ವೇರ್ ಬಿವೈ-ಎನ್‌ಸಿ-ಎಸ್‌ಎ. ಎರಡೂ ತನ್ನ ಲೈಸೆನ್ಸನ್ನೇ ಉಳಿಸಿಕೊಳ್ಳಿ ಎನ್ನುವುದರಿಂದ, ಎರಡನ್ನೂ ಕಲಸಿ ಒಂದೇ ನೋಟ್ಸ್ ಮಾಡಿ ಹಂಚಲು ಬರುವುದಿಲ್ಲ. ಅಕ್ಕಪಕ್ಕ ಬೇರೆ ಬೇರೆಯಾಗಿ, ಹೆಸರು ಹಾಕಿ ಇಡಬಹುದು. ಇಷ್ಟನ್ನು ಉದಾಹರಣೆ ಸಮೇತ ಹೇಳುವ ಕೈಪಿಡಿ ನಿಜಕ್ಕೂ ಉಪಕಾರ ಮಾಡುತ್ತದೆ.

ಕನ್ನಡದ ಪಿಡಿಎಫ್‌ಗಳಿಗೆ ಒಂದು ನಿಮಿಷದ ಪರೀಕ್ಷೆ ಇದೆ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ಚಿಹ್ನೆ ಹತ್ತಿದ ರೋಮನ್ ಅಕ್ಷರಗಳ ಕಲಸುಮೇಲೋಗರ ಬಂದರೆ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಏನೂ ಆಯ್ಕೆಯಾಗದಿದ್ದರೆ ಬರಿಯ ಸ್ಕ್ಯಾನ್ ಚಿತ್ರ. ಕೊನೆಯ ಎರಡರಲ್ಲೂ ಪದ ಹುಡುಕಲಾಗದು. ಅದಕ್ಕಿಂತ ಕೆಡುಕೆಂದರೆ, ಕಣ್ಣು ಕಾಣದ ವಿದ್ಯಾರ್ಥಿ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಎನ್‌ವಿಡಿಎ ತಂತ್ರಾಂಶ ಹಾಕಿ ಕೂತರೆ ಒಂದು ಪದವೂ ಕನ್ನಡವಾಗಿ ಕೇಳಿಸದು. ಪಟ್ಟಿಯಲ್ಲಿ ಇದಕ್ಕೊಂದು ಗುರುತು ಇರಲೇಬೇಕು.

ಸಿಲೆಬಸ್ ಹೋಲಿಕೆ ಬೇಗ ಮುಗಿಯುತ್ತದೆ. ಕರ್ನಾಟಕದ ಪದವಿ ಕಾಲೇಜುಗಳಿಗೆ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವೆ ಮಾಡಿದ ಪಟ್ಟಿಗಳಲ್ಲಿ ಪತ್ರಿಕೆಯ ಹೆಸರು ಸೆಮಿಸ್ಟರ್‌ಗೆ ತಾಳೆಯಾಗದೆ ಹೋಗಬಹುದು. ಮಟ್ಟವನ್ನೂ ನೋಡಬೇಕು. ಕೆಒಇಆರ್ (ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ) ಬೆಳೆದದ್ದು ಮುಖ್ಯವಾಗಿ ಪ್ರೌಢಶಾಲಾ ಶಿಕ್ಷಕರಿಗಾಗಿ. ಬಿಎಸ್ಸಿ ಪಟ್ಟಿಯಲ್ಲಿ ಅದನ್ನು ಮೂಲ ಪಾಠ ಎಂದು ಕೊಟ್ಟರೆ ವಿದ್ಯಾರ್ಥಿಯ ಹೊತ್ತು ವ್ಯರ್ಥ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಕನ್ನಡ ಪಾಠಗಳು ತಂತ್ರಾಂಶ ಕಲಿಯಲು ಚೆನ್ನ. ಅಲ್ಲಿ ಪಾಠದಲ್ಲಿ ತೋರಿಸುವ ತಂತ್ರಾಂಶದ ಆವೃತ್ತಿ ಹಳೆಯದೇ ಎಂದು ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ "ಸ್ವಯಂ"ನ ಕೋರ್ಸ್‌ಗಳ ಕಲಿಕೆ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕ ಇದೆ. ಇದನ್ನು ಹೇಳದ ಕೈಪಿಡಿ ನಂಬಿದವರನ್ನು ನಡುದಾರಿಯಲ್ಲಿ ಬಿಡುತ್ತದೆ.

ಕಡೆಗೆ ಪುಟದ ಅಡಿ: ಕೊನೆಯ ಬಾರಿ ತಿದ್ದಿದ ದಿನಾಂಕ, ತಪ್ಪು ತಿಳಿಸಲು ಇಮೇಲ್ ವಿಳಾಸ. ಆ ವಿಳಾಸಕ್ಕೇ ನನ್ನ ಹಾಳೆ ಹೋಗುತ್ತದೆ. "ಹಲವು ಲಿಂಕ್ ಕೆಟ್ಟಿವೆ" ಎಂದು ಬರೆದರೆ ಯಾರೂ ತಿದ್ದುವುದಿಲ್ಲ. ಪ್ರತಿ ಸಾಲಿನಲ್ಲಿ ಲಿಂಕ್, ಏನು ಕಂಡಿತು, ಯಾವ ದಿನ, ಬದಲಿಗೆ ಏನು ಹಾಕಬಹುದು ಎಂಬ ನಾಲ್ಕು ಅಂಕಣ ತುಂಬಿರಬೇಕು. ಸೆಮಿಸ್ಟರ್ ಶುರುವಾದ ಎರಡನೇ ವಾರ ಬೇರೆ 20 ಲಿಂಕ್ ಆರಿಸಿ ಮತ್ತೆ ನೋಡುತ್ತೇನೆ.