ಗುಹೆಯೊಳಗೆ ಬಾವಲಿಗಳ ಭಯವೇ? ಹಂತಹಂತವಾಗಿ ಹೀಗೆ ಸಿದ್ಧರಾಗಿ

ರಜೆಯಲ್ಲಿ ಯಾಣಕ್ಕೋ ದಾಂಡೇಲಿಯ ಕವಳಾ ಗುಹೆಗೋ ಹೊರಟ ತಂಡದಲ್ಲಿ ಒಬ್ಬರಾದರೂ ‘ನೀವೆಲ್ಲ ಹೋಗಿ ಬನ್ನಿ’ ಎಂದು ಚೀಲ ಕಾಯುತ್ತ ಹೊರಗೇ ಉಳಿಯುವುದುಂಟು. ಬಾವಲಿಗಳ ಈ ಭಯ ಗೇಲಿ ಮಾಡಿದರೆ ಹೋಗುವುದಿಲ್ಲ, ಕೈಹಿಡಿದು ಒಳಗೆ ಎಳೆದೊಯ್ದರೆ ಹೆಚ್ಚುತ್ತದೆ. ಗಮನಿಸಿದರೆ ಹೆಚ್ಚಿನವರು ಬೆಚ್ಚಿಬೀಳುವುದು ಬಾವಲಿಗಳು ದಿಢೀರನೆ ಎದ್ದು ಹಾರಿದಾಗ. ಹಗಲಲ್ಲಿ ನಿದ್ರಿಸುವ ಆ ಜೀವಿಗಳನ್ನು ಎಬ್ಬಿಸುವುದು ಬಹುಪಾಲು ನಮ್ಮದೇ ಗದ್ದಲ ಮತ್ತು ಬೆಳಕು. ಆದ್ದರಿಂದ ಅವುಗಳ ನಿದ್ದೆ ಕೆಡಿಸದಂತೆ ನಡೆಯಲು ಕಲಿತವರಿಗೆ ಅರ್ಧ ಭಯ ಕಳೆದಂತೆಯೇ.

ಮೊದಲ ಹಂತವಾಗಿ, ನಿಮ್ಮನ್ನು ಹೆದರಿಸುವುದು ಯಾವುದೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೂದಲಿಗೆ ಸಿಕ್ಕಿಕೊಳ್ಳುತ್ತವೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕೀಟಭಕ್ಷಕ ಬಾವಲಿಗಳು ನಮ್ಮ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನಾಂಕದ ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯಿಂದ ದಾರಿ ಅರಿಯುತ್ತವೆ. ಕಗ್ಗತ್ತಲಲ್ಲಿ ತೆಳ್ಳನೆಯ ತಂತಿಯನ್ನೂ ತಪ್ಪಿಸಿ ಹಾರಬಲ್ಲ ಅವುಗಳಿಗೆ ಮನುಷ್ಯನ ತಲೆ ಗೊತ್ತಾಗದೆ ಹೋಗುವುದಿಲ್ಲ. ತೀರಾ ಹತ್ತಿರ ಸುಳಿದರೆ, ಇಕ್ಕಟ್ಟಿನ ಜಾಗದಲ್ಲಿ ಅದಕ್ಕೆ ಬೇರೆ ದಾರಿ ಇರಲಿಲ್ಲವೆಂದೋ, ಟಾರ್ಚಿಗೆ ಮುತ್ತಿದ ಹುಳು ಹಿಡಿಯಲು ಬಂದಿತೆಂದೋ ತಿಳಿಯಬಹುದು. ರಕ್ತ ಹೀರುವ ಬಾವಲಿಗಳು ಇರುವುದು ಮೂರೇ ಪ್ರಭೇದ, ಮೂರೂ ಅಮೆರಿಕ ಖಂಡಗಳಲ್ಲಿ, ಮೆಕ್ಸಿಕೊದಿಂದ ದಕ್ಷಿಣಕ್ಕೆ. ರೋಗದ ಭಯವನ್ನು ಮಾತ್ರ ಹೀಗೆ ತಳ್ಳಿಹಾಕುವಂತಿಲ್ಲ. ಅದಕ್ಕೆ ಎಚ್ಚರಿಕೆಯೇ ಉತ್ತರ, ಅದನ್ನು ಮುಂದೆ ಹೇಳಿದೆ.

ಎರಡನೆಯ ಹಂತ ಪ್ರವಾಸಕ್ಕೆ ಕೆಲವು ವಾರ ಮೊದಲು ಮನೆಯಲ್ಲೇ ಆರಂಭವಾಗಬೇಕು. ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ಬಳಕೆಗೆ ತಂದ ಚಿಕಿತ್ಸಾಕ್ರಮದ ತಿರುಳು ಇಷ್ಟೆ: ಮೈಮನಸ್ಸನ್ನು ಸಡಿಲವಾಗಿಟ್ಟುಕೊಂಡು, ಹೆದರಿಸುವ ವಸ್ತುವಿಗೆ ಸಣ್ಣ ಪ್ರಮಾಣದಿಂದ ಆರಂಭಿಸಿ ಒಗ್ಗಿಕೊಳ್ಳುವುದು. ಮೊದಲು ಬಾವಲಿಯ ಚಿತ್ರ, ಬಳಿಕ ಸದ್ದಿಲ್ಲದ ವಿಡಿಯೊ, ಆಮೇಲೆ ಸದ್ದಿನೊಂದಿಗೆ, ಕೊನೆಗೆ ಮುಸ್ಸಂಜೆ ಮನೆಯ ತಾರಸಿಯಿಂದಲೋ ಊರಿನ ಆಲದಮರದಿಂದ ದೂರದಲ್ಲಿ ನಿಂತೋ ನಿಜವಾದ ಹಾರಾಟ. ಎದೆಬಡಿತ ಏರಿದ ಕ್ಷಣದಲ್ಲೇ ಚಿತ್ರ ಮುಚ್ಚಿಟ್ಟರೆ, ತಪ್ಪಿಸಿಕೊಂಡಿದ್ದರಿಂದಲೇ ಬದುಕಿದೆವೆಂದು ಮನಸ್ಸು ನಂಬಿಬಿಡುತ್ತದೆ. ಬಡಿತ ತಾನಾಗಿ ಇಳಿಯುವವರೆಗೆ ನೋಡುತ್ತಿರಬೇಕು. ಒಂದು ಮೆಟ್ಟಿಲು ಸಲೀಸಾಗುವ ತನಕ ಮುಂದಿನದಕ್ಕೆ ಅವಸರ ಬೇಡ.

ಗುಹೆಯ ಆಯ್ಕೆಯಲ್ಲೂ ಇದೇ ಏರಿಕೆಯ ಕ್ರಮವಿರಲಿ. ಬಾದಾಮಿಯ ಗುಹಾಲಯಗಳಿಗೆ ಮುಂಭಾಗದಿಂದ ಹಗಲಿನ ಬೆಳಕು ಬೀಳುತ್ತದೆ, ಹೊರಗಿನ ಬಯಲು ಕಣ್ಣೆದುರಿಗೇ ಇರುತ್ತದೆ. ಹೀಗಾಗಿ ಆರಂಭಕ್ಕೆ ಅವು ಸೂಕ್ತ. ಯಾಣದ ಭೈರವೇಶ್ವರ ಶಿಖರದ ಬಿರುಕಿನಲ್ಲಿ ನಡೆಯುವಾಗಲೂ ಮೇಲೆ ಆಕಾಶ ಕಾಣುತ್ತದೆ. ಆಂಧ್ರದ ಅರಕು ಕಣಿವೆಯ ಬಳಿಯ ಬೊರ್ರಾ ಗುಹೆಯಲ್ಲಿ ಬಾವಲಿಗಳಿವೆ, ಆದರೆ ಒಳಾಂಗಣ ವಿಶಾಲವಾಗಿದ್ದು ವಿದ್ಯುದ್ದೀಪಗಳೂ ಇವೆ. ಅಲ್ಲಿರುವ ಹಣ್ಣು ತಿನ್ನುವ ಜಾತಿಗೆ ನೇರಳೆ, ಸೀಬೆ, ಮಾವು ಇಷ್ಟ. ಬಾಗಿ, ತೆವಳಿ ಸಾಗಬೇಕಾದ ಕವಳಾ ಗುಹೆಯನ್ನೂ ದಕ್ಷಿಣ ಕನ್ನಡದ ನೆಲ್ಲಿತೀರ್ಥವನ್ನೂ ಕೊನೆಗೆ ಇಟ್ಟುಕೊಳ್ಳಿ. ಭಯ ಪೂರ್ತಿ ಹೋದವರೂ ಕಾಲಿಡಬಾರದ ಗುಹೆಗಳೂ ಇವೆಯೆನ್ನಿ: ಅಳಿವಿನ ಅಂಚಿನಲ್ಲಿರುವ ಕೋಲಾರದ ಎಲೆಮೂಗಿನ ಬಾವಲಿಯ ನೆಲೆಯೆಂದು ತಿಳಿದಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗುಹೆ, ಅದು ಪ್ರವಾಸಿಗರ ಜಾಗವಲ್ಲ.

ಹೋಗುವ ದಿನ ತುಂಬುತೋಳಿನ ಅಂಗಿ, ಟೋಪಿ, ಜಾರದ ಬೂಟು, ಮುಖಗವಸು ಧರಿಸಿ. ಬಾವಲಿಗಳು ಸಾಮಾನ್ಯವಾಗಿ ಎಲ್ಲಿ ತೂಗಾಡುತ್ತವೆ ಎಂದು ಮಾರ್ಗದರ್ಶಿಯನ್ನು ಮೊದಲೇ ಕೇಳಿ. ತಿಳಿದ ನೋಟ ಅಷ್ಟಾಗಿ ಬೆಚ್ಚಿಸುವುದಿಲ್ಲ. ಸಂಜೆ ಅವು ಗುಂಪಾಗಿ ಹೊರಬೀಳುವ ಹೊತ್ತಿಗೆ ಮೊದಲೇ ಗುಹೆಯಿಂದ ಹೊರಬರುವಂತೆ ಸಮಯ ಹೊಂದಿಸಿಕೊಳ್ಳಿ. ಒಳಹೊಕ್ಕ ಕೂಡಲೇ ನಡೆಯದೆ, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ನಿಂತು, ನಾಲ್ಕು ಎಣಿಸುತ್ತ ಉಸಿರೆಳೆದುಕೊಂಡು ಆರು ಎಣಿಸುತ್ತ ಬಿಡಿ. ಟಾರ್ಚಿನ ಬೆಳಕು ಕಾಲಬುಡದಲ್ಲಿರಲಿ, ಚಾವಣಿಯ ಮೇಲಲ್ಲ. ಫ್ಲ್ಯಾಶ್ ಬೇಡ, ಕೂಗಿ ಪ್ರತಿಧ್ವನಿ ಕೇಳುವ ಹುಡುಗಾಟಿಕೆಯಂತೂ ಬೇಡವೇ ಬೇಡ.

ಬಾವಲಿ ಹಾರಿದರೆ ಗೋಡೆಯನ್ನು ಮುಟ್ಟದೆ ನಿಂತಲ್ಲೇ ನಿಲ್ಲಿ, ಕೈ ಬೀಸಬೇಡಿ. ಒದ್ದೆ ಕಲ್ಲಿನ ಮೇಲೆ ಓಡಿ ಜಾರುವುದರಿಂದ ಆಗುವ ಪೆಟ್ಟು ಯಾವ ಬಾವಲಿಗಿಂತಲೂ ಅಪಾಯಕಾರಿ. ಭಯ ತಡೆಯಲಾರದಷ್ಟು ಏರಿದರೆ, ಮೊದಲೇ ಒಪ್ಪಿಕೊಂಡ ಸನ್ನೆಯಿಂದ ಜೊತೆಗಾರರಿಗೆ ತಿಳಿಸಿ ಬೆಳಕಿರುವ ಜಾಗದವರೆಗೆ ಹಿಂದೆ ಬನ್ನಿ; ಅಲ್ಲಿ ಸಾವರಿಸಿಕೊಂಡ ಮೇಲೆ ಮುಂದಕ್ಕೋ ಹೊರಗೋ ಎಂದು ನಿರ್ಧರಿಸಿ.

ಹಿಕ್ಕೆಯಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಶ್ವಾಸಕೋಶಕ್ಕೆ ಸೋಂಕು ತರಬಲ್ಲದಾದ್ದರಿಂದ, ಒಣ ಹಿಕ್ಕೆಯ ದೂಳನ್ನು ಎಬ್ಬಿಸಬಾರದು; ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳಿಯೇ ಹೊರಡುವುದು ಲೇಸು. ಬಿದ್ದ ಬಾವಲಿಯನ್ನು ಮುಟ್ಟಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಲಸಿಕೆಯ ಸಲಹೆಗಾಗಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಾವಲಿಯ ಚಿತ್ರ ನೋಡಿದರೂ ಉಸಿರುಗಟ್ಟಿದಂತಾಗುವವರು ಈ ಅಭ್ಯಾಸವನ್ನು ಒಬ್ಬರೇ ಮಾಡದೆ ಮನಶ್ಶಾಸ್ತ್ರಜ್ಞರ ನೆರವು ಪಡೆಯುವುದು ಒಳ್ಳೆಯದು. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.