ಶುಗರ್ ಇದ್ದವರಿಗೆ ವಾಂತಿ ಶುರುವಾದರೆ ಬಿಸಿಲು ಅಂತ ಸುಮ್ನಿರಬೇಡಿ

ನಮ್ಮ ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಬಾಯಾರಿಕೆ, ಸುಸ್ತು, ವಾಂತಿ ಅಂದರೆ ಎಲ್ಲರೂ ಬಿಸಿಲಿನಿಂದಲೇ ಅನ್ನುತ್ತಾರೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಹಾಗೆ ಬಿಡಬೇಡಿ. ಅದು ಕೀಟೋಅಸಿಡೋಸಿಸ್ ಇರಬಹುದು. ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬು ಕರಗಿಸಲು ಶುರು ಮಾಡುತ್ತದೆ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬುತ್ತದೆ. ಒಂದೇ ದಿನದಲ್ಲಿ ಜೀವಕ್ಕೆ ಕುತ್ತಾಗಬಹುದು.

ಒಂದು ಗುರುತು ನೆನಪಿಡಿ. ಬಿಸಿಲಿಗೆ ಮೈಯಲ್ಲಿನ ನೀರು ಆರಿದರೆ ಮೂತ್ರ ಕಡಿಮೆಯಾಗುತ್ತದೆ. ಕೀಟೋಅಸಿಡೋಸಿಸ್‌ನಲ್ಲಿ ಎಷ್ಟು ನೀರು ಕುಡಿದರೂ ದಾಹ, ಮೂತ್ರವೂ ಜಾಸ್ತಿ. ಆಮೇಲೆ ಹೊಟ್ಟೆನೋವು, ವಾಂತಿ. ಹತ್ತಿರ ಹೋಗಿ ಉಸಿರು ಗಮನಿಸಿ: ಕೆಲವರಲ್ಲಿ ತೀರಾ ಕಳಿತ ಹಣ್ಣಿನಂಥ ವಾಸನೆ ಬರುತ್ತದೆ. ಕೂತಲ್ಲೇ ಓಡಿ ಬಂದವರ ಹಾಗೆ ಆಳವಾಗಿ, ಜೋರಾಗಿ ಉಸಿರಾಡುತ್ತಿದ್ದರೆ, ಮಂಕಾಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಶುಗರ್ ಇದೆ ಅಂತ ಮೊದಲೇ ಹೇಳಿ.

"ಊಟಾನೇ ಮಾಡಿಲ್ಲ, ಇನ್ಸುಲಿನ್ ಯಾಕೆ?" ಅಂತಾರಲ್ಲ, ಅಪಾಯ ಇರುವುದೇ ಅಲ್ಲಿ. ಜ್ವರ ಬಂದಾಗ ಇನ್ಸುಲಿನ್ ಹೆಚ್ಚೇ ಬೇಕಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಎಷ್ಟು ಹಾಕಬೇಕು ಅಂತ ಡಾಕ್ಟರನ್ನು ಕೇಳಿ. ಶುಗರ್ 250 ದಾಟಿ ಮೈ ಹುಷಾರಿಲ್ಲದಿದ್ದರೆ ಮೂತ್ರದ ಕೀಟೋನ್ ಸ್ಟ್ರಿಪ್‌ನಿಂದ ನೋಡಿ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದಿಟ್ಟುಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ನುಂಗುವವರಲ್ಲಿ ಶುಗರ್ ಅಷ್ಟು ಏರದೆಯೂ ಇದು ಬರಬಹುದು.

ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರು. ಶುಗರ್ ಇದೆ ಅಂತ ಗೊತ್ತಾಗುವುದೇ ಕೆಲವೊಮ್ಮೆ ಹೀಗೆ. ಮಗು ಸೊರಗುತ್ತಾ, ರಾತ್ರಿ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.